ವಿದರ್‌ಸ್ಟನ್ ಮನೆಯ ಬೆಳ್ಳಿ ಹರಿವಾಣ

೧೯೬೮ರ ಅಕ್ಟೋಬರ್ ೧೪, ಸೋಮವಾರ ಬೆಳಗ್ಗೆ ರೋಲಂಡ್ ವಿದರ್‌ಸ್ಟನ್ ಇಂಗ್ಲೆಂಡಿನ ಲಡ್ಲೋ ಊರಿನ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟರು. ಮನೆತನದ ಲಾಂಛನ ಕೆತ್ತಿದ ಹಳೆಯ ಬೆಳ್ಳಿ ಹರಿವಾಣ ಕಳುವಾಗಿತ್ತು. ಬೆಳ್ಳಿ ಇಟ್ಟಿದ್ದ ಕೋಣೆಯ ಬೀಗ ಮುರಿದಿರಲಿಲ್ಲ. ಇನ್ನೊಂದು ಬೀಗದ ಕೈ ಅಡುಗೆಯ ಮಿಸೆಸ್ ಬೆಬ್ ಬಳಿ ಇರುತ್ತದೆ, ಅನುಮಾನ ಅವಳ ಮೇಲೆ ಎಂದರು. ದೂರು ದಾಖಲಾಯಿತು.

ಇನ್‌ಸ್ಪೆಕ್ಟರ್ ಗ್ವಿಲಿಮ್ ಪ್ರಾಸರ್, ಮಹಿಳಾ ಕಾನ್‌ಸ್ಟೇಬಲ್ ಬೆರಿಲ್ ಜೊತೆ ಆ ಮನೆಗೆ ಹೋಗಿ ಕೋಣೆಯನ್ನು ಪರಿಶೀಲಿಸಿದರು. ಲಂಡನ್ನಿನಿಂದ ಬೆಲೆ ಕಟ್ಟುವವನು ಬರುವವನಿದ್ದ, ಬೆಳ್ಳಿಯೆಲ್ಲ ಮಾರಾಟಕ್ಕಿತ್ತು. ಅದಕ್ಕೇ ಶನಿವಾರ ಸಂಜೆ ಎಲ್ಲವನ್ನೂ ಬಿಚ್ಚಿ ಮೇಜಿನ ಮೇಲೆ ಹರಡಿ ಹಾಗೇ ಬಿಟ್ಟಿದ್ದಾಗಿ ರೋಲಂಡ್ ಹೇಳಿದ್ದರು. ಈಗ ಮೇಜು ಬರಿದಾಗಿತ್ತು. ಹರಿವಾಣವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ, ಭಾರದ ದೀಪದ ಕಂಬಗಳೂ ಸೇರಿ, ಹಸಿರು ಉಣ್ಣೆಬಟ್ಟೆಯಲ್ಲಿ ಸುತ್ತಿಕೊಂಡು ಕಪಾಟು ಸೇರಿತ್ತು.

ಪ್ರಾಸರ್ ಒಂದು ಸುತ್ತನ್ನು ಬಿಚ್ಚಿ ನೋಡಿದರು. ಕಲ್ಲಿದ್ದಲ ಹೊಗೆಯ ಗಂಧಕ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ, ಅದಕ್ಕೇ ಬಟ್ಟೆ ಸುತ್ತಿಡುವುದು, ನಿಜ. ಆದರೆ ಬಿಟ್ಟುಹೋಗುವ ಮಾಲು ಕಪ್ಪಾದೀತೆಂಬ ಚಿಂತೆ ಯಾವ ಕಳ್ಳನಿಗೆ?

ಮಿಸೆಸ್ ಬೆಬ್ ಹಿಟ್ಟು ಲಟ್ಟಿಸುತ್ತಲೇ ಮಾತಾಡಿದಳು. "ನಾನು ಕದಿಯೋಳಾಗಿದ್ರೆ ದೀಪದ ಕಂಬಕ್ಕೇ ಕೈ ಹಾಕ್ತಿದ್ದೆ ಸಾಹೇಬ್ರೆ. ಉಳಿದದ್ದನ್ನ ಸುತ್ತಿ ಬೇರೆ ಇಡ್ತಿದ್ನಾ? ನಮ್ಮಪ್ಪ ಅಷ್ಟು ಒಳ್ಳೆ ಬುದ್ಧಿ ಕಲಿಸಿಲ್ಲ."

"ಮೊದಲೆಲ್ಲ ಸುತ್ತಿಡ್ತಿದ್ದದ್ದು ಯಾರು?"

ಲಟ್ಟಣಿಗೆ ನಿಂತಿತು. "ಸಿಬಿಲ್ ಅಮ್ಮಾವ್ರು," ಎಂದಳು ಮೆಲ್ಲಗೆ.

ಸಿಬಿಲ್ ರೋಲಂಡರ ಅಕ್ಕ. ಮದುವೆಯಾಗದೆ ಅಪ್ಪನನ್ನೂ ಆ ಬೆಳ್ಳಿಯನ್ನೂ ನೋಡಿಕೊಂಡವರು. ಅಪ್ಪ ತೀರಿಕೊಂಡ ಮೇಲೆ, ಅಲ್ಲಿನ ವಾಡಿಕೆಯಂತೆ, ಎಲ್ಲವೂ ಮಗನಿಗೆ ಹೋಯಿತು. ಆಕೆ ಗೇಟಿನ ಪಕ್ಕದ ತೋಟಗಾರನ ಮನೆಗೆ ಬಂದರು. ಹಳೆಯ ಬೀಗದ ಕೈಯನ್ನು ಆಕೆಯಿಂದ ಯಾರೂ ವಾಪಸು ಕೇಳಿರಲಿಲ್ಲ.

ಪೊಲೀಸರಿಬ್ಬರೂ ಅಲ್ಲಿಗೆ ಹೋದಾಗ ಆಕೆ ಚಹಾ ಬಗ್ಗಿಸಿದರು. ಪ್ರಾಸರ್ ನೇರವಾಗಿ ಕೇಳಿದಾಗ ಒಳಗೆ ಹೋಗಿ ಹರಿವಾಣವನ್ನು ತಂದು ಮುಂದಿಟ್ಟರು. ನಡುವೆ ಗುರಾಣಿ, ಅದರೊಳಗೆ ಸಿಂಹ, ಗೋಧಿಯ ಸಿವುಡು. ಗುರಾಣಿಯ ಸುತ್ತ ಹೊಸ ಗೀರುಗಳು: ದಬ್ಬಣದಿಂದ ಆಳವಾಗಿ ಕೊರೆದ ವಜ್ರದಾಕೃತಿ.

ಇದೇನೆಂದು ಬೆರಿಲ್‌ಗೆ ಅರ್ಥವಾಗಲಿಲ್ಲ.

"ಗುರಾಣಿ ಗಂಡಸ್ರಿಗೆ ಕಣಮ್ಮ," ಎಂದರು ಸಿಬಿಲ್. "ಮದುವೆಯಾಗದ ಮಗಳು ಅಪ್ಪನ ಲಾಂಛನಾನ ವಜ್ರದ ಆಕಾರದೊಳಗೆ ಇಟ್ಕೋಬಹುದು. ನಮ್ಮ ಪಾಲಿಗೆ ಬರೋದು ಅಷ್ಟೇ."

"ಉಳಿದದ್ದನ್ನ ಸುತ್ತಿಡದೇ ಹೋಗಿದ್ರೆ ನಾನು ಇಲ್ಲಿಗೆ ಬರ್ತಾನೇ ಇರ್ಲಿಲ್ಲ," ಎಂದರು ಪ್ರಾಸರ್.

"ಹಾಗೇ ಬಿಟ್ಟು ಬರೋಕೆ ಕೈ ಬರ್ಲಿಲ್ಲ."

ಮಧ್ಯಾಹ್ನ ಬಂಧನವಾಯಿತು. ಆಕೆ ಟೋಪಿ ಹಾಕಿಕೊಂಡು, ಚಹಾದ ಬಟ್ಟಲು ತೊಳೆದಿಟ್ಟು ಹೊರಟರು. ದಾರಿಯಲ್ಲಿ ಬೆರಿಲ್ ತಡೆಯಲಾರದೆ, ಗೀರಿದರೆ ಅದರ ಬೆಲೆ ಹೋಗುತ್ತದೆಂದು ಗೊತ್ತಿರಲಿಲ್ಲವೇ ಎಂದು ಕೇಳಿಬಿಟ್ಟಳು.

ಸಿಬಿಲ್ ಕಿಟಕಿಯಾಚೆ ನೋಡುತ್ತಿದ್ದರು. "ಗೊತ್ತಿತ್ತಮ್ಮ. ಬೆಲೆ ಇಲ್ಲದ್ದನ್ನ ಯಾರೂ ಮಾರಲ್ಲ."