ಏಡಿಮುರುಕ ಸೊಪ್ಪು

ಬಹಳ ಬಹಳ ಹಿಂದೆ, ಮರಗಳಿಗೂ ಮನುಷ್ಯರ ಮಾತು ತಿಳಿಯುತ್ತಿದ್ದ ಕಾಲದಲ್ಲಿ, ಮುತ್ತಗ ಎಂಬ ರಾಜ್ಯವಿತ್ತು. ಅದರ ಅಂಚಿನ ಜೌಗಿನಲ್ಲಿ ಜೊಂಡಯ್ಯನೆಂಬ ಮಾಂತ್ರಿಕನಿದ್ದ. ತನ್ನ ಮಾತು ಮೀರಿದವರ ಕಡೆ ತಿರುಗಿ ಅವನೊಂದು ಸಿಳ್ಳೆ ಹಾಕಿದರೆ ಸಾಕು, ಅವರ ಮೈಯೊಳಗೆ ಏಡಿ ಸೇರಿಕೊಳ್ಳುತ್ತಿತ್ತು. ಒಳಗೇ ಗಂಟು ಕಟ್ಟಿ, ಕಾಲು ಚಾಚಿ, ಮೆಲ್ಲಮೆಲ್ಲನೆ ಆಳನ್ನೇ ತಿಂದು ಮುಗಿಸುತ್ತಿತ್ತು. ಜನ ಅದನ್ನು ಏಡಿಗಂತಿ ಎನ್ನುತ್ತಿದ್ದರು, ಅದೂ ಪಿಸುಮಾತಿನಲ್ಲಿ. ರಾಜನೋ ಮಹಾಶೂರ. ಅರಮನೆಗೆ ಅಗುಳಿ ಹಾಕಿಸಿ, ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದ.

ಆ ರಾಜ್ಯದಲ್ಲಿ ಕೆಂಚವ್ವ, ದೇವೀರಿ ಎಂಬ ಅಕ್ಕತಂಗಿಯರಿದ್ದರು. ಒಬ್ಬರಿಗೊಬ್ಬರು ಬಿಟ್ಟರೆ ಅವರಿಗೆ ಬೇರೆ ಯಾರೂ ಇರಲಿಲ್ಲ. ಜೊಂಡಯ್ಯ ತನ್ನನ್ನು ಮದುವೆಯಾಗೆಂದು ಕೇಳಿದಾಗ ಅಕ್ಕ ಕೆಂಚವ್ವ ಅವನ ಮುಖಕ್ಕೇ ಬಾಗಿಲು ಹಾಕಿದಳು. ಅವನು ಸಿಳ್ಳೆ ಹಾಕಿದ. ಮರುದಿನ ಅವಳ ಕಂಕುಳಲ್ಲಿ ಗಂಟೊಂದು ಎದ್ದಿತ್ತು. ಅದು ಚರ್ಮದಡಿಯಲ್ಲಿ ಎದೆಯತ್ತ ನಡೆಯುತ್ತಿತ್ತು.

"ಗುಂಡಿಗೆ ಮುಟ್ಟಿದರೆ ನಾನಿರಲ್ಲ ಕಣೇ," ಎಂದಳು ಕೆಂಚವ್ವ.

"ಹಂಗನ್ನಬೇಡಕ್ಕ. ಏಡಿಮುರುಕ ಸೊಪ್ಪು ತರ್ತೀನಿ."

ಏಡಿಗಂತಿಗೆ ಅದೊಂದೇ ಮದ್ದು. ಹಿಂದೆ ಆ ಸೊಪ್ಪು ಹೊಲದ ಬದುವಿನಲ್ಲೆಲ್ಲ ತಾನಾಗಿ ಬೆಳೆಯುತ್ತಿತ್ತು. ಮಾಂತ್ರಿಕ ಅದನ್ನು ಬೇರುಸಹಿತ ಕೀಳಿಸಿ ತನ್ನ ಜೌಗಿನಲ್ಲಿ ಬಚ್ಚಿಟ್ಟಿದ್ದ. ಅದನ್ನು ಉಣ್ಣುವ ಬಗೆ ಬಲ್ಲವರು ಯಾರೂ ಉಳಿದಿರಲಿಲ್ಲ.

ದೇವೀರಿ ಜೌಗಿಗೆ ಇಳಿದಳು. ಮೊದಲು ಕಣ್ಣಿಲ್ಲದ ತೋಳ ಎದುರಾಯಿತು. ಓಡಿದವರನ್ನು ಸೀಳುವ ತೋಳ ಅದು. ಅವಳು ಉಸಿರು ಬಿಗಿಹಿಡಿದು ನಿಂತಳು. ತೋಳ ಅವಳ ಮುಖವನ್ನೆಲ್ಲ ಮೂಸಿ ಹೋಯಿತು. ಆಮೇಲೆ ಜೊಂಡುಹುಲ್ಲು ಅಕ್ಕನ ದನಿಯಲ್ಲಿ ಕರೆಯಿತು: "ದೇವೀರಿ, ಸಾಯ್ತಿದೀನಿ, ಒಂದ್ಸಲ ತಿರುಗಿ ನೋಡೇ." ತಿರುಗಿದವರು ಜೊಂಡಾಗುತ್ತಿದ್ದರು. ಅವಳು ಬಿಕ್ಕಿ ಬಿಕ್ಕಿ ಅಳುತ್ತಲೇ ಮುಂದೆ ನಡೆದಳು.

ಸೊಪ್ಪಿನ ನಡುವೆ ಜೊಂಡಯ್ಯನೇ ಕೂತಿದ್ದ. ಅಲ್ಲಿಯವರೆಗೆ ಬಂದವರು ಕೇಳಿದ ಒಂದು ಮಾತಿಗೆ ಅವನು ಸುಳ್ಳು ಹೇಳುವಂತಿರಲಿಲ್ಲ, ಹೇಳಿದರೆ ಅವನ ಮಾಯೆ ಅಳಿಯುತ್ತಿತ್ತು.

"ಇದನ್ನ ಅಕ್ಕನಿಗೆ ಹೆಂಗೆ ಕೊಡಬೇಕು?" ಎಂದು ಕೇಳಿದಳು ದೇವೀರಿ.

"ಬೇಯಿಸಿ ಬಸಿ," ಎಂದು ನಕ್ಕ ಅವನು. ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡ.

ಅವಳು ಮಡಿಲು ತುಂಬ ಸೊಪ್ಪು ಕಿತ್ತುಕೊಂಡು ಮನೆಗೆ ಓಡಿ ಬೇಯಿಸಿದಳು, ಬಸಿದಳು. ಒಂದು ತುತ್ತನ್ನು ಅಕ್ಕನ ಬಾಯಿಯ ಬಳಿ ತಂದಾಗ, ಚರ್ಮದಡಿಯ ಏಡಿ ಆಸೆಯಿಂದ ಕಾಲು ಚಾಚಿತು. ದೇವೀರಿ ತುತ್ತನ್ನು ಹಿಂದಕ್ಕೆ ಎಳೆದುಕೊಂಡಳು. ಬಸಿದ ಸೊಪ್ಪು ಏಡಿಗೇ ಊಟವಾಗಿತ್ತು. ಆದರೆ ಅವಳ ಮನೆಯಲ್ಲಿ ಬಸಿದ ನೀರನ್ನು ಯಾರೂ ಚೆಲ್ಲಿದವರಲ್ಲ, ಅದರಲ್ಲೇ ಬಸ್ಸಾರು ಮಾಡುವುದು. ಮಡಕೆ ತುಂಬ ಕಹಿ ಹಸಿರು ನೀರಿತ್ತು. ಅದನ್ನು ಹತ್ತಿರ ತಂದಳು. ಏಡಿ ಮುದುರಿಕೊಂಡಿತು.

ಆಗ ಬಾಗಿಲಾಚೆ ಜೊಂಡಯ್ಯನ ದನಿ ಕೇಳಿಸಿತು. "ದೇವೀರಿ, ಬಸಿದೆಯಾ?"

"ಬಸಿದೆ."

"ನೀರು ಎಲ್ಲಿ ಚೆಲ್ಲಿದೆ?"

ದೇವೀರಿ ಮಡಕೆ ಎತ್ತಿ ಅಷ್ಟೂ ನೀರನ್ನು ಅಕ್ಕನಿಗೆ ಕುಡಿಸಿದಳು. ಕೆಂಚವ್ವ ನೆಲದಲ್ಲಿ ಹೊರಳಾಡಿ ಕೆಮ್ಮಿದಳು. ಕಪ್ಪು ಏಡಿಯೊಂದು ಬಾಯಿಂದ ಹೊರಬಿದ್ದು, ಹಸಿದು, ಬಾಗಿಲ ಸಂದಿಯಲ್ಲಿ ನುಸುಳಿ ಹೊರಗೆ ನಿಂತವನ ಮೈಯನ್ನೇ ಹೊಕ್ಕಿತು.

"ನೀರು ಕೊಡೇ, ಒಂದು ಗುಟುಕು ಕೊಡೇ," ಎಂದು ಜೊಂಡಯ್ಯ ಕೂಗಿದ.

ಮಡಕೆ ಬರಿದಾಗಿತ್ತು. ಕೂಗು ಮೆಲ್ಲಗೆ ನಿಂತಿತು. ಅವನ ಜೊತೆಗೆ ಮಾಯೆಯೂ ಅಳಿಯಿತು, ಎಲ್ಲರ ಮೈಯ ಏಡಿಗಳೂ ಪುಡಿಯಾದವು. ಸೊಪ್ಪು ಮತ್ತೆ ಬದುಗಳಿಗೆ ಬಂತು. ಅಕ್ಕತಂಗಿಯರು ಒಂದೇ ತಟ್ಟೆಯಲ್ಲಿ ಉಂಡು, ತಲೆ ನರೆಯುವವರೆಗೂ ಜಗಳವಾಡಿಕೊಂಡು ಸುಖವಾಗಿದ್ದರು.