ಗೌಡಸಾನಿ ಬೆಕ್ಕು ಮತ್ತು ಕಾಣದ ಬೇಲಿ

"ಬೆಕ್ಕು ಸಿಗಲಿಲ್ಲಂದ್ರ ಸಂಜಿಗೆ ಖೋಲಿ ಖಾಲಿ ಮಾಡ್ರಿ ಅಂದಾರ್ರಿ ಮನಿ ಮಾಲಕ್ರು, ಕಾಕಾ!" ಎಂದವಳೇ ಸ್ನೇಹಲ್ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ದಿನ ತುಂಬಿದ ಬಸುರಿ. ಲಕ್ಷ್ಮವ್ವ ಓಡಿಹೋಗಿ ನೀರು ತಂದಳು.

ಗೋವಾದ ಝುವಾರಿನಗರದಲ್ಲಿ ಕಂಠೆಪ್ಪನದು ಬಟ್ಟೆ ಅಂಗಡಿ. ಆದರೆ ಓಣಿಯಲ್ಲಿ ಏನು ಕಳೆದರೂ ಜನ ಬರುವುದು ಅವನ ಹತ್ತಿರವೇ. ಹಣೆಯ ಮೇಲಿನ ಕನ್ನಡಕವನ್ನು ಮನೆಯೆಲ್ಲ ಹುಡುಕುವ ಈ ಗಂಡ ಊರವರ ಕಳವನ್ನು ಅದು ಹೇಗೆ ಪತ್ತೆ ಹಚ್ಚುತ್ತಾನೋ, ಹೆಂಡತಿ ಲಕ್ಷ್ಮವ್ವನಿಗೆ ಇವತ್ತಿಗೂ ಬಗೆಹರಿದಿಲ್ಲ.

ಸ್ನೇಹಲ್‌ಳ ಗಂಡ ಈರೇಶ ವೆರ್ಣಾದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಇಬ್ಬರೂ ಹೊಲಿಗೆಯ ಶಾರದವ್ವನ ಮನೆಯ ಬಾಜೂ ಖೋಲಿಯಲ್ಲಿ ಬಾಡಿಗೆಗಿದ್ದರು. ಶಾರದವ್ವನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಒಂದು ಬಿಳಿ ಬೆಕ್ಕು. ಅದರ ಠೀವಿ ನೋಡಿ ಓಣಿಯವರೇ ಅದಕ್ಕೆ ಗೌಡಸಾನಿ ಎಂದು ಹೆಸರಿಟ್ಟಿದ್ದರು. ಗೌಡಸಾನಿಗೆ ಎರಡು ಚಟ: ಈರೇಶನ ಒಲೆಯ ಮೇಲಿನ ಮೀನು ಕದಿಯುವುದು, ಲಾರಿ ಓಡಾಡುವ ದಾಬೋಲಿಮ್ ರಸ್ತೆಗೆ ಓಡುವುದು. ಒಮ್ಮೆ ಗಾಲಿಯ ಕೆಳಗಿಂದ ಕೂದಲೆಳೆಯಲ್ಲಿ ಉಳಿದು ಬಂದಿತ್ತು. ಆಮೇಲೆ ಈರೇಶನೇ ಒಂದು ಯಂತ್ರ ತಂದು ಕೂಡಿಸಿಕೊಟ್ಟ. ಬಾಗಿಲ ಪಕ್ಕ ಇಡುವ ಅಂಗೈಯಗಲದ ಚಾರ್ಜಿನ ಡಬ್ಬಿ ಅದು. ಬೆಕ್ಕಿನ ಕೊರಳಪಟ್ಟಿ ಹತ್ತಿರ ಬಂದರೆ ಪಟ್ಟಿ ಕೀಂ ಎನ್ನುತ್ತದೆ, ಮುಂದುವರಿದರೆ ಸಣ್ಣಗೆ ಚುರ್ ಎನ್ನಿಸುತ್ತದೆ. ಈರೇಶ ತಾಳ್ಮೆಯಿಂದ ರೂಢಿ ಮಾಡಿಸಿದ ಮೇಲೆ ಗೌಡಸಾನಿ ಕೀಂ ಅಂದರೆ ಸಾಕು, ತಿರುಗಿ ಬಂದು ತನ್ನ ದಿಂಬಿನ ಮೇಲೆ ಮಲಗುತ್ತಿತ್ತು. ಅಂಥ ಬೆಕ್ಕು ಆಯುಧ, ಯಂತ್ರಗಳನ್ನು ಪೂಜಿಸುವ ಖಂಡೇಪೂಜೆಯ ಸಂಜೆಯಿಂದ ಕಾಣೆಯಾಗಿತ್ತು.

ಕಂಠೆಪ್ಪ, ಲಕ್ಷ್ಮವ್ವ ಅವಳ ಮನೆಗೆ ಹೋದಾಗ ಶಾರದವ್ವ ಅತ್ತು ಅತ್ತು ಕಣ್ಣು ಬಾತುಕೊಂಡು ಕುಳಿತಿದ್ದಳು.

"ಯಂತ್ರ ಬಂದ್ ಮಾಡೂದು ಈರೇಶಗೊಬ್ಬವಗ ಗೊತ್ತರಿ! ಮೀನಿನ ಸಿಟ್ಟಿಗೆ ಕಂಪನಿ ಬಸ್ಸಿನ್ಯಾಗ ಒಯ್ದು ಎಲ್ಲೋ ಒಗದ ಬಂದಾನ. ನೋಡ್ರಿ, ಡಬ್ಬಿ ಇದ್ದಲ್ಲೇ ಐತಿ, ಹಸರ ದೀಪಾನೂ ಹತ್ತೇತಿ. ತಾನಾಗೇ ಹೆಂಗ ದಾಟತೈತಿ?"

ಕಂಠೆಪ್ಪ ನೆಲಕ್ಕೆ ಬಗ್ಗಿದ. ಡಬ್ಬಿಯ ಸಂದಿಯಲ್ಲಿ ಕುಂಕುಮ ಕೂತಿತ್ತು, ತಳಕ್ಕೆ ಒಂದು ಚೆಂಡುಹೂವಿನ ಎಸಳು ಅಂಟಿತ್ತು. ದೇವರ ಜಗಲಿಯ ಕೆಳಗಿದ್ದ ಬೆಕ್ಕಿನ ದಿಂಬು ಉಗುರಿನಿಂದ ಹರಿದಿತ್ತು. ಹೊಸ್ತಿಲ ಹೊರಗೆ ಇಟ್ಟ ಹಾಲಿಗೆ ಇರುವೆ ಮುತ್ತಿದ್ದವು. ಅಂಗಳದ ಕೆಂಪು ಕೆಸರಿನಲ್ಲಿ ಸಣ್ಣ ಹೆಜ್ಜೆಗಳು ಬಾಗಿಲ ಕಡೆಗೇ ಬಂದು, ಹಾಲಿಗಿಂತ ಒಂದು ಮೊಳ ಮೊದಲೇ ತಿರುಗಿ ಹೋಗಿದ್ದವು.

"ಶಾರದಕ್ಕ, ನಸಿಕಿನ್ಯಾಗ ಏನರ ಸಪ್ಪಳ ಕೇಳಸ್ತೇನು?"

"ಕೀಂ ಅಂತಿತ್ರಿ, ಅಂಗಳದಾಗ. ಯಾವುದೋ ಹುಳಾ ಇರಬೇಕು."

ಕಂಠೆಪ್ಪ ಮೀಸೆಯಲ್ಲೇ ನಕ್ಕ. ಮನೆಗೆ ಬರುವಾಗ ಲಕ್ಷ್ಮವ್ವನಿಗೆ ತಡೆಯಲಾಗಲಿಲ್ಲ.

"ಆ ಹುಡುಗಿ ಹೊಟ್ಟಿ ಹೊತ್ತು ಬೀದಿಗೆ ಬೀಳತಾಳ, ನಿಮಗ ನಗಿ!"

"ನಮ್ಮ ಅಂಗಡಿ ಕತ್ತರಿಗೆ ಕುಂಕುಮ ಹಚ್ಚಿದಾಕಿ ಯಾರು?"

"ನಾನೇ. ಖಂಡೇಪೂಜಿ ಅಲ್ಲೇನು? ಏನು ಕೇಳತೀರಿ!"

"ಇಷ್ಟ ಸಾಕು," ಎಂದ ಆ ಮಹಾರಾಯ.

ಸಂಜೆ ಶಾರದವ್ವನ ಅಂಗಳದಲ್ಲಿ ಎಲ್ಲರೂ ಸೇರಿದರು. ಈರೇಶ ಗಂಟುಮೂಟೆ ಕಟ್ಟಿ ತಲೆ ತಗ್ಗಿಸಿ ನಿಂತಿದ್ದ. ಕಂಠೆಪ್ಪ ಮೊದಲು ಡಬ್ಬಿಯ ಗುಂಡಿ ಒತ್ತಿದ. ಹಸಿರು ದೀಪ ಆರಿತು. ಆಮೇಲೆ ಹೊಸ್ತಿಲ ಮೇಲೆ ಒಂದು ಒಣಮೀನು ಇಟ್ಟ.

"ಶಾರದಕ್ಕ, ಪೂಜಿ ದಿವಸ ಹೊಲಿಗಿ ಮಷೀನಿಗೆ ಕುಂಕುಮ ಹಚ್ಚಿದಿ. ಕತ್ತರಿ, ಇಸ್ತ್ರಿ ಎಲ್ಲಾ ಜಗಲಿ ಮುಂದ ಇಟ್ಟಿ. ಜೊತಿಗೆ ಮತ್ತೇನು ಇಟ್ಟಿ?"

"ಈ ಡಬ್ಬೀನೂ ಇಟ್ಟೇನ್ರಿ. ಮನಿ ಕಾಯೂ ಯಂತ್ರ, ಅದಕ್ಕೂ ಪೂಜಿ ಬ್ಯಾಡೇನು? ಮಾರನೇ ದಿವಸ ಮುಂಜಾನೆ ಎಲ್ಲಾ ತಗದು ಅವುಗಳ ಜಾಗಾಕ್ಕ..." ಶಾರದವ್ವ ಥಟ್ಟನೆ ಬಾಗಿಲ ಪಕ್ಕದ ಡಬ್ಬಿಯತ್ತ ತಿರುಗಿದಳು.

"ಡಬ್ಬಿ ಎಲ್ಲಿರತೈತೋ ಬೇಲಿ ಅಲ್ಲೇ ಇರತೈತಿ, ಅಕ್ಕ. ಜಗಲಿ ಕೆಳಗ ಮಲಗಿದ್ದ ಗೌಡಸಾನಿಗೆ ದಿಂಬಿನ ಮ್ಯಾಲೇ ಚುರ್ ಅಂತು. ಹೆದರಿ ಪರಚಿ ಓಡಿತು. ಬಾಗಲದಾಗ ತಡಿಯೂದು ಏನೂ ಇರಲಿಲ್ಲ. ನೀ ಮುಂಜಾನೆ ಡಬ್ಬಿ ಹಳೇ ಜಾಗಾಕ್ಕ ಇಟ್ಟಿ. ಈಗ ಬೆಕ್ಕು ಹೊರಗ, ನಡುವ ಬೇಲಿ. ಹಸದು ಬಂದಾಗೊಮ್ಮೆ ಕೀಂ, ಬಂದಾಗೊಮ್ಮೆ ಕೀಂ. ಹಾಲಿನ ತನಕಾನೂ ಬರಾಕ ಆಗಲಿಲ್ಲ. ಪಾಪ, ಕಲಿಸಿದ ಪಾಠಾ ಮರೀಲಿಲ್ಲ ಅದು. ಈರೇಶ ಯಂತ್ರಕ್ಕ ಕೈನೂ ಹಚ್ಚಿಲ್ಲ."

ಅಂಗಳದ ಅಂಚಿನ ಕಟ್ಟಿಗೆ ರಾಶಿಯ ಸಂದಿಯಿಂದ ಒಂದು ಕೊಳೆಯಾದ ಬಿಳಿ ಮುಖ ಇಣುಕಿತು. ಗೌಡಸಾನಿ ಅಂಗಳ ದಾಟಿ ತಾನು ಪ್ರತಿ ಸಲ ತಿರುಗುತ್ತಿದ್ದ ಜಾಗಕ್ಕೆ ಬಂದು ನಿಂತಿತು. ಕಿವಿ ನಿಮಿರಿಸಿತು. ಕೀಂ ಎನ್ನಲಿಲ್ಲ. ಮತ್ತೊಂದು ಹೆಜ್ಜೆ ಇಟ್ಟಿತು. ಆಮೇಲೆ ಮೀನನ್ನೂ ಮೂಸದೆ ನೇರ ಒಳಗೆ ಓಡಿ ತನ್ನ ಹರಿದ ದಿಂಬಿನ ಮೇಲೆ ಬಿದ್ದುಕೊಂಡಿತು.

ಶಾರದವ್ವ ಬೆಕ್ಕಿನ ಹತ್ತಿರ ಹೋಗಲಿಲ್ಲ. ಈರೇಶನ ಗಂಟಿನ ಮುಂದೆ ಕುಳಿತು ಅದನ್ನು ಬಿಚ್ಚತೊಡಗಿದಳು.

"ನಾನೇ ಹೊರಗ ಹಾಕಿದೆ ತಮ್ಮಾ, ಅದನ್ನೂ, ನಿಮ್ಮನ್ನೂ. ಇನ್ನ ಆ ಡಬ್ಬಿ ನಾ ಮುಟ್ಟಂಗಿಲ್ಲ."

ಈರೇಶ ಕಣ್ಣೊರೆಸಿಕೊಂಡ. "ಮುಟ್ರಿ ಅವ್ವಾ, ಯಾಕ ಮುಟ್ಟಬಾರದು? ಮುಂದಿನ ವರ್ಷ ಇದ್ದಲ್ಲೇ ಕುಂಕುಮ ಹಚ್ರಿ, ಅಷ್ಟ."

ಬಿಚ್ಚಿದ ಗಂಟಿನೊಳಗೆ ಹುಟ್ಟಲಿರುವ ಕೂಸಿಗೆಂದು ಶಾರದವ್ವನೇ ಹೊಲಿದುಕೊಟ್ಟ ಕುಲಾವಿ ಎಲ್ಲಕ್ಕಿಂತ ಮೇಲಿತ್ತು. ಅದನ್ನು ಕಂಡು ಅವಳು ಗಟ್ಟಿಯಾಗಿ ಅತ್ತಳು. ಸ್ನೇಹಲ್ ಅವಳ ಕೈ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು.