ಸಿದ್ದಮ್ಮನ ಮಗಳು ನರಸಮ್ಮ

ಆಷಾಢದ ಗಾಳಿ ಎದ್ದಿತ್ತು. ಚಾಮರಾಜಪೇಟೆಯ ಹಿಂದಿನ ಸಾಲಿನಲ್ಲಿ ಊದುಬತ್ತಿಯನ್ನು ಹೊರಗೆ ಒಣಹಾಕುವಂತಿರಲಿಲ್ಲ. ನರಸಮ್ಮ ಒಳಗೇ ಮಣೆ ಹಾಕಿಕೊಂಡು ಇದ್ದಿಲುಹಿಟ್ಟನ್ನು ಕಡ್ಡಿಗೆ ಹೊಸೆಯುತ್ತಿದ್ದಳು. ಮೂಲೆಯಲ್ಲಿ ತಾಯಿ ಸಿದ್ದಮ್ಮನ ಕೆಮ್ಮು. ಆ ಕರಿ ಧೂಳೇ ಎದೆಯಲ್ಲಿ ಕೂತಿದೆ ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು.

ಭಜನೆಮನೆಯಲ್ಲಿ ದೊಡ್ಡವರಿಗೆಂದು ಎರಡು ಕ್ಲಾಸು ಶುರುವಾಗುತ್ತವೆ, ಒಂದು ಹೊಲಿಗೆ, ಇನ್ನೊಂದು ಓದುಬರಹ, ಒಬ್ಬರಿಗೆ ಒಂದೇ ಎಂದು ಪಕ್ಕದ ಮನೆಯ ಪಾರ್ವತಮ್ಮ ಸುದ್ದಿ ತಂದಳು. ಹೊಲಿಗೆಗೆ ಸೇರು, ನನ್ನ ಗತಿ ನಿನಗೆ ಬೇಡ ಎಂದಳು ಸಿದ್ದಮ್ಮ. ನರಸಮ್ಮ ಹೂಂ ಎಂದಳು. ಸಂಜೆ ಹೋಗಿ ನಿಂತದ್ದು ಮಾತ್ರ ಓದುಬರಹದ ಸಾಲಿನಲ್ಲಿ.

ಹೆಸರು ಬರೆದುಕೊಳ್ಳುತ್ತಿದ್ದವನು ಓಬಳಪ್ಪ. ಹಗಲು ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ, ಸಂಜೆ ಇಲ್ಲಿ ಮೇಷ್ಟ್ರು. ಬೀದಿಗೆ ಹೊಸಬ.

ಗಂಡನ ಹೆಸರು ಕೇಳಿದ. ನರಸಮ್ಮ ತಲೆ ತಗ್ಗಿಸಿದಳು.

ಅವಳಿಗಿಂತ ಮುಂಚೆ ಬಂದ ಹೆಂಗಸರೂ ಹಾಗೇ ಮಾಡಿದ್ದರು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳಬಾರದು, ಪಕ್ಕದವರು ಹೇಳಬೇಕು.

"ಸರಿ, ಇವ್ರ ಯಜಮಾನ್ರ ಹೆಸ್ರೂ ಯಾರಾದ್ರೂ ಹೇಳ್ರಮ್ಮ," ಎಂದು ಓಬಳಪ್ಪ ನಕ್ಕ.

ಉಳಿದವರು ಯಾರೂ ನಗಲಿಲ್ಲ. ಕೊನೆಗೆ ಪಾರ್ವತಮ್ಮ ಆಂಜಿನಯ್ಯ ಎಂದಳು, ಬಹಳ ಮೆಲ್ಲಗೆ.

ನರಸಮ್ಮ ಒಮ್ಮೆ ಕಣ್ಣೆತ್ತಿದಳು. ಪಾಪ, ಈ ಮನುಷ್ಯನಿಗೆ ಏನೂ ಗೊತ್ತಿಲ್ಲ... ಗೊತ್ತಿಲ್ಲದವರ ಕಣ್ಣು ಎಷ್ಟು ತಿಳಿಯಾಗಿರುತ್ತದೆ!

ಕ್ಲಾಸಿನಲ್ಲಿ ಇಬ್ಬರು ನರಸಮ್ಮಂದಿರು. ಗುರುತಿಗೆಂದು ಓಬಳಪ್ಪ ದಿನಾ ಹಾಜರಿಯಲ್ಲಿ "ಆಂಜಿನಯ್ಯನ ಹೆಂಡ್ತಿ ನರಸಮ್ಮ" ಎಂದು ಕೂಗುತ್ತಿದ್ದ. ದಿನಾ ಹಿಂದಿನ ಸಾಲಿನಲ್ಲಿ ಪಿಸುಮಾತು ಏಳುತ್ತಿತ್ತು. ಅವಳು ಸ್ಲೇಟಿನ ಮೇಲೆ ಬಗ್ಗಿಕೊಂಡೇ ಓಗೊಡುತ್ತಿದ್ದಳು.

ಅಕ್ಷರ ತಿದ್ದಿಸಲು ಅವನು ಪಕ್ಕದಲ್ಲಿ ಕೂತರೆ ಅವಳು ಸರಿಯಾಗಿ ಬರೆದದ್ದನ್ನೂ ಅಳಿಸಿ ಮತ್ತೆ ಬರೆಯುತ್ತಿದ್ದಳು. ಅದು ಅವನಿಗೂ ಕಾಣುತ್ತಿತ್ತು. ಇನ್ನೊಬ್ಬನ ಹೆಂಡತಿ ಎಂದುಕೊಂಡು ಬೇಗ ಎದ್ದುಬಿಡುತ್ತಿದ್ದ.

ಶ್ರಾವಣದಲ್ಲಿ ಅವಳು ಬರುವುದನ್ನು ನಿಲ್ಲಿಸಿದಳು.

ಗಂಡನೇ ಬಿಡಿಸಿರಬೇಕು ಎಂದು ಎಣಿಸಿ, ಅವನಿಗೆ ಬುದ್ಧಿ ಹೇಳಲು ಓಬಳಪ್ಪ ಮನೆಗೇ ಬಂದ. ಯಜಮಾನರು ಇದ್ದಾರಾ ಎಂದು ಬಾಗಿಲಲ್ಲಿ ನಿಂತು ಕೇಳಿದ. ಸಿದ್ದಮ್ಮ ಕೆಮ್ಮುತ್ತಲೇ ಎದ್ದು ಕೂತಳು.

"ಹುಡುಕ್ಕೊಂಡು ಬನ್ನಿ ಮೇಷ್ಟ್ರೇ. ಸಿಕ್ರೆ ನಮ್ಗೂ ಒಂದ್ಮಾತು ಹೇಳಿ. ಬಿಟ್ಟೋಗಿ ನಾಕು ವರ್ಸ ಆಯ್ತು."

ಓಬಳಪ್ಪನ ಮುಖ ಸುಣ್ಣವಾಯಿತು. ಅಷ್ಟು ಜನರ ಮುಂದೆ, ದಿನಾ, ಗಂಟಲೆತ್ತಿ ಆ ಹೆಸರು ಕೂಗಿದ್ದೆನಲ್ಲ...

ನರಸಮ್ಮ ಕಡ್ಡಿ ಹೊಸೆಯುತ್ತಲೇ ಎಲ್ಲ ಹೇಳಿದಳು. ಗಂಡ, ಮಾಗಡಿಗೆ ಹೋಗಿ ತಾಯಿಯನ್ನು ನೋಡಿಕೊಂಡು ಬರುತ್ತೇನೆಂದು ಹೊರಟಿದ್ದ. ಕಲಾಸಿಪಾಳ್ಯದ ತನಕ ಅವನ ಚೀಲ ಇವಳೇ ಹೊತ್ತಿದ್ದಳು. ಅದು ಸೇಲಂ ಬಸ್ಸು, ಒಳಗೆ ಇನ್ನೊಬ್ಬಳು ಆಗಲೇ ಕೂತಿದ್ದಳು ಎಂದು ತಿಳಿದದ್ದು ಆಮೇಲೆ.

"ಬೋರ್ಡು ಕಣ್ಣೆದುರಿಗೇ ಇತ್ತು. ಓದಕ್ಕೆ ಬರ್ಲಿಲ್ಲ. ಕೈ ಬೀಸಿ ಕಳಿಸ್ಕೊಟ್ಟೆ."

ಓಬಳಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮಾರನೆಯ ಸಂಜೆ ಪಾರ್ವತಮ್ಮ ಕ್ಲಾಸಿನಿಂದ ನೇರವಾಗಿ ಬಂದಳು. ಮೇಷ್ಟ್ರು "ಸಿದ್ದಮ್ಮನ ಮಗಳು ನರಸಮ್ಮ" ಎಂದು ಕೂಗಿ, ಉತ್ತರವಿಲ್ಲದಿದ್ದರೂ ಸ್ವಲ್ಪ ಹೊತ್ತು ಕಾದರೆಂದು ಹೇಳಿದಳು. ಸಿದ್ದಮ್ಮ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ತನ್ನ ಹೆಸರನ್ನು ಯಾರೂ ಸಭೆಯಲ್ಲಿ ಕೂಗಿದ್ದಿಲ್ಲ. ಹೋಗು ಎಂದಳು ಮಗಳಿಗೆ. ಹೊಲಿಗೆಯ ಮಾತನ್ನು ಮತ್ತೆ ಎತ್ತಲಿಲ್ಲ. ಮರುದಿನದಿಂದ ನರಸಮ್ಮ ಮತ್ತೆ ಕ್ಲಾಸಿಗೆ ಹೋದಳು.

ಕಾರ್ತಿಕದ ಚಳಿ ಸಿದ್ದಮ್ಮನನ್ನು ಉಳಿಸಲಿಲ್ಲ. ಗಂಡು ದಿಕ್ಕಿಲ್ಲದ ಮನೆ. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಓಬಳಪ್ಪನೂ ಇದ್ದ. ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ಬಂದು ಜಗುಲಿಯ ಮೇಲೆ ಕೂತ. ನರಸಮ್ಮ ನೀರು ಕೊಟ್ಟಳು. ಕುಡಿದು, ಚೊಂಬನ್ನು ಕೈಯಲ್ಲೇ ತಿರುಗಿಸುತ್ತ ಕೂತುಬಿಟ್ಟ.

"ಒಬ್ಳೇ ಇರ್ಬೇಡ ನರಸಮ್ಮ. ನನ್ ಜೊತೆ ಬಾ."

ಮೊದಲ ಸಲ ಏಕವಚನ. ಅವಳ ಕೈ ಕೊರಳ ತಾಳಿಗೆ ಹೋಯಿತು. ಗಂಡ ಬಿಟ್ಟವಳು ಇನ್ನೊಬ್ಬನ ಕೈ ಹಿಡಿದು ಕೂಡಿಕೆಯಾಗಲು ಅವರ ಜಾತಿಯಲ್ಲಿ ಅಡ್ಡಿಯಿಲ್ಲ. ಆದರೆ ಹಳೆಯ ತಾಳಿಯನ್ನು ಕಟ್ಟಿದ ಮನೆಗೆ ತಿರುಗಿ ಮುಟ್ಟಿಸಬೇಕು.

"ಇದು ಆ ಮನೇದು," ಎಂದಳು. "ಮಾಗಡಿಗೆ ಹೋಗಿ ಅತ್ತೆ ಕೈಗೆ ಕೊಟ್ಟು ಬರ್ಬೇಕು."

"ನಾನೂ ಬರ್ಲಾ?"

"ಬೇಡ. ಈ ಋಣ ನಂದು."

"ಅವ್ರು ತಗೊಳ್ದೆ ಹೋದ್ರೆ?"

"ಅವ್ರ ಹೊಸಿಲ ಮೇಲೆ ಇಟ್ಟು ಬರ್ತೀನಿ."

ಓಬಳಪ್ಪ ಚೊಂಬನ್ನು ಕೆಳಗಿಟ್ಟ. ಎಷ್ಟು ದಿನವಾದರೂ ಕಾಯುತ್ತೇನೆ ಎಂದ.

"ಸುಮ್ನೆ ಕೂತು ಕಾಯ್ಬೇಡಿ. ಕ್ಲಾಸ್ ನಡೆಸ್ತಿರಿ," ಎಂದಳು ನರಸಮ್ಮ, ತಗ್ಗಿದ ದನಿಯಲ್ಲಿ. "ನನ್ ಜಾಗ ಮಾತ್ರ ಬಿಟ್ಟಿರಿ."

"ಪಾರ್ವತಮ್ಮ ಬಂದು ಕೂತ್ರೂ ಎಬ್ಬಿಸ್ತೀನಿ," ಎಂದ ಅವನು.